ಸೀನೋ ಖೋಲಿಯ ಗಾಜಿನಾಚೆ

ನಿವೃತ್ತಿಯ ದಿನ ನನಗೆ ಯಾರೂ ಹಾರ ಹಾಕಲಿಲ್ಲ. ಹೂವೆಂಬುದು ನಮ್ಮ ಕೇಂದ್ರದ ಬಾಗಿಲೊಳಗೆ ಬಿಡುವ ಪದಾರ್ಥವೇ ಅಲ್ಲ. ಬದಲಿಗೆ ನನ್ನ ಜೊತೆಗೆ ಕೆಲಸ ಮಾಡುತ್ತಿದ್ದ ನಸೀಮಾ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು. ಅದನ್ನೂ ಎಲ್ಲರೂ ಗೇಟಿನ ಹೊರಗೆ ನಿಂತು, ಕೈ ಜಾಡಿಸಿಕೊಂಡು ತಿಂದೆವು.

ಈಗ ನನ್ನ ಕುರ್ಚಿಗೆ ಇಬ್ಬರು ಹೊಸ ಹುಡುಗಿಯರು ಬಂದಿದ್ದಾರೆ. ಮೊನ್ನೆ ಅವರಲ್ಲೊಬ್ಬಳು ಫೋನಿನಲ್ಲಿ, "ಅಕ್ಕೋರ, ಬರೇ ಕುಂತು ನೋಡೂದೇ ಏನ್ರಿ ಈ ಕೆಲಸ?" ಎಂದು ಕೇಳಿದಳು. ಹೌದು, ಬರೇ ಕೂತು ನೋಡುವುದೇ. ಆದರೆ ಹಾಗೆ ನೋಡುತ್ತ ಕೂತದ್ದರಿಂದಲೇ ಅಫಜಲಪುರ ಕಡೆಯ ಒಂದು ಬೇವಿನ ಗಿಡ ಇವತ್ತಿಗೂ ನಿಂತಿದೆ, ಅದರ ಬುಡದಲ್ಲಿ ಒಂದು ಸಂಸಾರವೂ ನಿಂತಿದೆ. ಆ ಅತ್ತೆ ಸೊಸೆಯ ಸಂಗತಿ ಹೇಳಲೆಂದೇ ಬರೆಯಲು ಕೂತಿದ್ದೇನೆ. ಅದಕ್ಕೆ ಮೊದಲು ಖೋಲಿಯ ಪರಿಚಯ ಆಗಬೇಕು.

ಕಡಗಂಚಿ ದಾಟಿ ಆಳಂದಕ್ಕೆ ಬರುವ ರಸ್ತೆಯ ಬದಿಗೆ, ಯಾವ ಗಿಡದ ಪರಾಗ ಯಾರಿಗೆ ಒಗ್ಗದೆಂದು ಪರೀಕ್ಷಿಸುವ ನಮ್ಮ ಸಣ್ಣ ಕೇಂದ್ರ. ಅದರ ನಡುವೆ ಗಾಜಿನ ಗೋಡೆಯ ಒಂದು ಕೋಣೆ. ಹೊರಗಿನ ಗಾಳಿ ಸೋಸಿಯೇ ಒಳಗೆ ಹೋಗಬೇಕು. ಯಾವ ಗಿಡದ ಪರಾಗ ಬೇಕೋ ಅದನ್ನು ತೂಗಿ, ಅಳತೆಗೆ ತಕ್ಕಷ್ಟು ಮೇಲಿನಿಂದ ಊದುತ್ತಾರೆ. ಒಳಗೆ ಬಿಳಿ ನಿಲುವಂಗಿ, ಬಿಳಿ ಟೊಪ್ಪಿಗೆ ಹಾಕಿಕೊಂಡು ಕೂತವರಿಗೆ ಸೀನು ಬರುತ್ತದೋ, ಕಣ್ಣು ತುರಿಸುತ್ತದೋ, ಮೂಗು ಕಟ್ಟುತ್ತದೋ ಎಂದು ಹೊರಗೆ ಕೂತ ನಾವು ನೋಡಬೇಕು. ಉಬ್ಬಸ ಇದ್ದವರನ್ನು ಒಳಗೆ ಬಿಡುತ್ತಿರಲಿಲ್ಲ. ನಡುನಡುವೆ ಕೊಳವೆ ಊದಿಸಿ ಉಸಿರಿನ ಬಲ ನೋಡುತ್ತಿದ್ದೆವು. ಸೂಜಿ, ಔಷಧ, ಡಾಕ್ಟರು ಎಲ್ಲ ಬಾಗಿಲ ಬಳಿಯೇ. ಜನ ಅದಕ್ಕೆ ಸೀನೋ ಖೋಲಿ ಎಂದು ಹೆಸರಿಟ್ಟರು. ಬೋರ್ಡಿನ ಮೇಲಿದ್ದ ಉದ್ದ ಹೆಸರನ್ನು ಯಾರೂ ಓದಲಿಲ್ಲ.

ನಾನು ಕಲಬುರಗಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಪ್ರಾರ್ಥನೆಯ ಹೊತ್ತಿಗೆ ಸೀನು ಬಂದರೆ ಕರ್ಚೀಫಿನಲ್ಲಿ ಮುಚ್ಚಿ, ನುಂಗಿ, ಸಿಸ್ಟರ್ ಕಡೆ ನೋಡಿ ಕ್ಷಮೆ ಕೇಳಬೇಕಿತ್ತು. ಮದುವೆಯಾಗಿ ಆಳಂದಕ್ಕೆ ಬಂದೆ, ಮಕ್ಕಳನ್ನು ಬೆಳೆಸಿದೆ. ಕೇಂದ್ರದವರಿಗೆ ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಬರುವ ಹೆಂಗಸು ಬೇಕಾಗಿದೆ ಎಂದು ನಮ್ಮ ಮನೆಯವರೇ ಕೇಳಿಕೊಂಡು ಬಂದರು. ಮೈಸೂರು ಕಡೆಯ ವಸುಧಾ ಮೇಡಂ ನಮ್ಮ ಮುಖ್ಯ ಡಾಕ್ಟರು. "ಕೆಲಸದ ಅನುಭವ ಏನಿದೆ?" ಎಂದು ಕೇಳಿದರು. "ಬೆನ್ನು ತಿರುಗಿಸಿ ನಿಂತಿದ್ದರೂ ಹಾಲು ಉಕ್ಕೋದಕ್ಕೆ ಮುಂಚೆ ಗೊತ್ತಾಗುತ್ತೆ ಮೇಡಂ" ಎಂದೆ. ಅವರು ನಕ್ಕು ಬರೆದುಕೊಂಡರು. ಹೀಗೆ, ಸೀನು ನುಂಗುವುದನ್ನು ಕಲಿತವಳಿಗೆ ಊರವರ ಸೀನು ಎಣಿಸುವ ಉದ್ಯೋಗ ಸಿಕ್ಕಿತು.

ಮೊದಮೊದಲು ಒಳಗೆ ಹೋಗುವವರನ್ನು ತಯಾರು ಮಾಡುವುದರಲ್ಲೇ ನಮ್ಮ ಅರ್ಧ ದಿನ ಮುಗಿಯುತ್ತಿತ್ತು. ದವಾಖಾನೆಗೆ ಹೋಗುವುದೆಂದರೆ ನಮ್ಮ ಜನ ಚೆಂದ ಮಾಡಿಕೊಂಡು ಬರುವವರು. ಹೆಂಗಸರ ಮುಡಿಯಲ್ಲಿ ಮಲ್ಲಿಗೆ, ಜೇವರ್ಗಿಯ ಅಡತಿ ವ್ಯಾಪಾರಿಗಳ ಕಿವಿಯಲ್ಲಿ ಅತ್ತರಿನ ಹತ್ತಿ. ಒಮ್ಮೆ ಅಡತಿಯ ಹಾಜಿ ಸಾಹೇಬರೊಬ್ಬರ ಕಿವಿಯಿಂದ ನಸೀಮಾ ಆ ಹತ್ತಿ ತೆಗೆಸಿದಾಗ ಅವರು, "ಬೇಟಿ, ಏ ತೋ ಮೇರಾ ಜೇವರ್ ಹೈ" ಎಂದು ಮಗುವಿನ ಹಾಗೆ ಮುಖ ಮಾಡಿದರು. ನಸೀಮಾ ಅದನ್ನೊಂದು ಡಬ್ಬಿಯಲ್ಲಿ ಮುಚ್ಚಿಟ್ಟು, ಮೇಲೆ ಅವರ ಹೆಸರು ಬರೆದಳು. ಒಡವೆ ಲಾಕರಿಗೆ ಹೋಯಿತೆಂದು ಸಾಹೇಬರು ಸಮಾಧಾನಪಟ್ಟರು.

ಶರಣಪ್ಪನವರದು ಬೇರೆಯೇ. ಅವರು ಆಳಂದ ತಾಲೂಕಿನ ಹಿರಿಯ ರೈತರು, ಹಣೆ ತುಂಬ ಒಣ ವಿಭೂತಿ. ಒಳಗೆ ಕೂತು ಒಮ್ಮೆ ಹಣೆ ಒರೆಸಿಕೊಂಡರು ನೋಡಿ, ಗಾಳಿಯ ಕಣ ಎಣಿಸುವ ಯಂತ್ರ ಹುಚ್ಚಾಯಿತು. ಪರಾಗ ಸೋರುತ್ತಿದೆ ಎಂದು ಮೇಡಂ ಓಡಿಬಂದು ಎಲ್ಲವನ್ನೂ ನಿಲ್ಲಿಸಿದರು. ಕಾರಣ ತಿಳಿದ ಮೇಲೆ, ಹಿರಿಯರಿಗೆ ವಿಭೂತಿ ತೆಗೆಯಿರಿ ಎಂದು ಯಾರು ಹೇಳಬೇಕೆಂಬ ಪ್ರಶ್ನೆ ಬಂತು. ಮೇಡಂ ನನ್ನ ಕಡೆ ನೋಡಿದರು, ನಾನು ನಸೀಮಾಳ ಕಡೆ, ಅವಳು ಚಾವಣಿಯ ಕಡೆ. ಶರಣಪ್ಪನವರೇ, "ಯಾಕ್ರಿ ಮೂವರೂ ಕಳ್ಳರಂಗ ನಿಂತೀರಿ?" ಎಂದರು. ಮೇಡಂ ಹೇಗೋ ಹೇಳಿದರು. "ಇಷ್ಟಕ್ಕ ಇಷ್ಟ್ಯಾಕ ಅಂಜ್ತೀರಿ? ನೀರಾಗ ಕಲಸಿ ಹಚ್ಕೋತೇನಿ, ಉದುರಂಗಿಲ್ಲ" ಎಂದು ಬಚ್ಚಲಿಗೆ ನಡೆದರು. ಅವತ್ತಿನಿಂದ ನಮ್ಮ ಬಚ್ಚಲಲ್ಲಿ ಒಂದು ವಿಭೂತಿ ಗಟ್ಟಿ, ಒಂದು ಬಟ್ಟಲು ನೀರು ಕಾಯಂ ಆದವು.

ಇನ್ನು ಎಣಿಕೆ. ಕೆಲವು ತಿಂಗಳಾದ ಮೇಲೆ ಮೇಡಂ ತಲೆ ಕೆರೆದುಕೊಳ್ಳುತ್ತ, "ಇದೇನಿದು, ಎಲ್ಲರ ಸೀನೂ ಸರಿಸಂಖ್ಯೆಯಲ್ಲೇ ಇದೆಯಲ್ಲ? ಮೂರು, ಐದು ಯಾರಿಗೂ ಬರೋದೇ ಇಲ್ವಾ?" ಎಂದರು. ನಸೀಮಾ ಮತ್ತು ನಾನು ಮುಖ ಮುಖ ನೋಡಿಕೊಂಡೆವು. ನಮಗೆ ಅದರಲ್ಲಿ ವಿಶೇಷವೇ ಕಂಡಿರಲಿಲ್ಲ. ಒಂಟಿ ಸೀನು ಅಪಶಕುನ. ಒಂದು ಬಂದರೆ ಇನ್ನೊಂದನ್ನು ಹೇಗಾದರೂ ತಂದುಕೊಂಡು ಜೋಡಿ ಮಾಡುವುದು ನಮ್ಮ ಕಡೆಯ ರೂಢಿ. ಒಳಗಿನವರು ಬಾರದ ಸೀನನ್ನು ಕಷ್ಟಪಟ್ಟು ಸೀನಿ ಜೋಡಿ ಮಾಡುತ್ತಿದ್ದರು, ನಾವು ನಿಷ್ಠೆಯಿಂದ ಅದನ್ನೂ ಎಣಿಸುತ್ತಿದ್ದೆವು. ಮೇಡಂ ಕುರ್ಚಿಯ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಎಣಿಕೆಯ ಹಾಳೆಯಲ್ಲಿ ಶಕುನದ ಸೀನಿಗೆ ಬೇರೆ ಮನೆ ಎಳೆದರು. ನಿಜವಾದ ಸೀನು ಹೊಟ್ಟೆಯಿಂದ ಬರುತ್ತದೆ, ಭುಜ ಜಿಗಿಯುತ್ತದೆ. ಶಕುನದ ಸೀನು ಗಂಟಲಿಂದ ಬರುತ್ತದೆ, ಭುಜ ಸುಮ್ಮನಿರುತ್ತದೆ. ಹುಡುಗಿಯರೇ, ಭುಜ ನೋಡಿ.

ಆಗೆಲ್ಲ ಕಾಗದದ ಮೇಲೆ ನಗುವ, ಅಳುವ ಮುಖಗಳ ಚಿತ್ರವಿರುತ್ತಿತ್ತು. ಎಷ್ಟು ತ್ರಾಸವೋ ಅಂಥ ಮುಖಕ್ಕೆ ಅವರೇ ಗುರುತು ಹಾಕಬೇಕು. ಈಗ ಕೈಯಲ್ಲಿ ಹಿಡಿಯುವ ಟ್ಯಾಬ್ ಬಂದಿದೆ. ಹೊಲ ಮಾಡಿ ಒರಟಾದ ಬೆರಳಿಗೆ ಅದು ಮಾತು ಕೇಳುವುದಿಲ್ಲ. ಬೆರಳಿಗೆ ಒಂದಿಷ್ಟು ನೀರು ಹಚ್ಚಿಕೊಳ್ಳಲು ಹೇಳಿದರೆ ಕೇಳುತ್ತದೆ. ಮೂಗು ಒರೆಸಲು ತೂಗಿಟ್ಟ ಕಾಗದ ಕೊಡುತ್ತೇವೆ, ಒರೆಸಿದ ಮೇಲೆ ಮತ್ತೆ ತೂಗುತ್ತೇವೆ. ಹೆಂಗಸರು ಅದನ್ನು ಜೋಪಾನವಾಗಿ ಮಡಚಿಟ್ಟು, ನಿಲುವಂಗಿಯೊಳಗಿನಿಂದ ಸೆರಗಿನ ತುದಿ ಎಳೆದು ಮೂಗು ಒರೆಸಿಕೊಳ್ಳುತ್ತಾರೆ. ಇದಕ್ಕೆ ಇವತ್ತಿಗೂ ಔಷಧ ಸಿಕ್ಕಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು "ಆರಾಮ" ಎಂಬ ಮಾತಿನದು. ಮೂಗಿನಿಂದ ನೀರಿಳಿಯುತ್ತಿದ್ದರೂ ಕೇಳಿದರೆ, "ಆರಾಮ ಅದೀನ್ರಿ, ನೀವು ಆರಾಮೇನ್ರಿ?" ಪರರ ಮನೆಗೆ ಹೋಗಿ ಕೂತು ತ್ರಾಸ ಹೇಳುವುದು ಮರ್ಯಾದೆಯಲ್ಲ. ಗುರುತು ಹಾಕುವಾಗಲೂ ನಗುವ ಮುಖಕ್ಕೇ ಹಾಕುತ್ತಿದ್ದರು. ನಾವು ಹೇಳಿಕೊಡುವಂತಿಲ್ಲ, "ತುರಿಸಾಕತ್ತದೇನ್ರಿ?" ಎಂದು ಕೇಳುವಂತೆಯೂ ಇಲ್ಲ. ಕೇಳಿದರೆ ಇಲ್ಲದ ತುರಿಕೆಯೂ ಹುಟ್ಟುತ್ತದೆ. ಈ ತೊಡಕು ಬಿಡಿಸಿದವರೇ ಆ ಅತ್ತೆ ಸೊಸೆ.

ಅತ್ತೆ ಗುರುಬಾಯಿ ಅಫಜಲಪುರ ಕಡೆಯ ಘತ್ತರಗಿ ಸಮೀಪದ ಹಳ್ಳಿಯವರು. ಎತ್ತರದ ಹೆಂಗಸು, ಇಳಕಲ್ ಸೀರೆ, ಮಾತಿಗೆ ಮುಂಚೆ ಬಳೆ ಹಿಂದೆ ಸರಿಸುವ ಚಾಳಿ. ಸೊಸೆ ಶಿವಲೀಲಾ ಆಳಂದದ ಹುಡುಗಿ. ಅವಳ ಮೂಗಿನ ತುದಿಯ ಚರ್ಮ ಸುಲಿದಿತ್ತು, ಕೈಯಲ್ಲಿ ಅಂಚು ಹೊಲಿದ ಮೂರು ಕರ್ಚೀಫು. ಗುರುಬಾಯಿಯ ಮಗ, ಶಿವಲೀಲಾಳ ಗಂಡ ಬಸವರಾಜ ಇಬ್ಬರ ಹಿಂದೆ ಮೋಟರ್ ಸೈಕಲಿನ ಕೀಲಿ ತಿರುವುತ್ತ ನಿಂತಿದ್ದ.

"ನಮ್ಮ ಬೇವಿನ ಗಿಡಕ್ಕ ಕೊಡ್ಲಿ ಹಚ್ಚಬೇಕಂತಾಳ್ರಿ ಈಕಿ" ಎಂದರು ಗುರುಬಾಯಿ. "ನಾ ಲಗ್ನ ಆಗಿ ಬಂದ ವರ್ಷ ನನ್ನ ಕೈಲೆ ಹಚ್ಚಿದ ಗಿಡ."

"ಕಡೀರಿ ಅಂತ ನಾ ಎಲ್ಲಂದೇನ್ರಿ ಅತ್ತಿ? ಗಿಡ ಇರಲಿ, ನಾ ತವರಾಗ ಇರ್ತೇನಿ ಅಂದೇನಿ."

"ಅಂದಂಗೇ ಆತಲ್ಲ ಬೇ ಅದು."

ಸಂಗತಿ ಇಷ್ಟು. ಅಂಗಳದ ಬೇವು ಹೂ ಬಿಟ್ಟಿತೆಂದರೆ ಶಿವಲೀಲಾಳಿಗೆ ಸೀನು, ಕಣ್ಣುರಿ, ನಿದ್ದೆಯಿಲ್ಲ. ಪ್ರತಿ ವರ್ಷ ಆ ಕಾಲಕ್ಕೆ ತವರಿಗೆ ಹೋಗುತ್ತಿದ್ದವಳು ಈ ಸಲ ಹೂ ಉದುರಿ ಮುಗಿದರೂ ತಿರುಗಿ ಹೋಗಿರಲಿಲ್ಲ. ಬೇವು ಕಡಿಯುವುದು ಅವರ ಮನೆತನದಲ್ಲಿ ದೇವರಿಗೆ ಕೈ ಹಚ್ಚಿದ ಹಾಗೆ. ಗಿಡ ಇದ್ದರೆ ಸೊಸೆ ಇಲ್ಲ, ಸೊಸೆ ಬೇಕಾದರೆ ಗಿಡ ಇಲ್ಲ. ಬಸವರಾಜ ಇಬ್ಬರಿಗೂ ಹೂಂ ಹೂಂ ಎಂದು ಸೋತಿದ್ದ. ಸೀನೋ ಖೋಲಿಯಲ್ಲಿ ತೀರ್ಪು ಸಿಗುತ್ತದೆಂದು ಯಾರೋ ಹೇಳಿದ್ದರಂತೆ.

ಮೇಡಂ ಮೊದಲು ಶಿವಲೀಲಾಳ ಮೊಣಕೈ ಕೆಳಗೆ ಬೇರೆ ಬೇರೆ ಪರಾಗದ ಹನಿ ಹಾಕಿ ಚುಚ್ಚಿ ನೋಡಿದರು. ಬೇವಿಗೂ ಗುಳ್ಳೆ ಎದ್ದಿತು, ಬಳ್ಳಾರಿ ಜಾಲಿಗೂ ಎದ್ದಿತು. ಆದರೆ ಚರ್ಮ ಹೌದೆಂದದ್ದನ್ನೆಲ್ಲ ಮೂಗು ಹೌದೆನ್ನುವುದಿಲ್ಲ. ಅದಕ್ಕೇ ಖೋಲಿ ಬೇಕಾಗುವುದು. ಗುರುಬಾಯಿ ಬಳೆ ಹಿಂದೆ ಸರಿಸಿದರು. "ನಂಗೂ ಚುಚ್ರಿ. ಈಕಿ ಜೋಡಿ ನಾನೂ ಒಳಗ ಕುಂದರ್ತೇನಿ. ನನ್ನ ಗಿಡದ ಹೂವಿಗೆ ನಾ ಅಂಜಬೇಕೇನು?" ಅವರಿಗೂ ಎರಡೂ ಗುಳ್ಳೆ ಎದ್ದವು. "ಇವು ಸೊಳ್ಳಿ ಕಡದದ್ದು" ಎಂದು ಸೆರಗು ಮುಚ್ಚಿಕೊಂಡರು.

ಮೊದಲ ಸಲ ಎದುರು ಬದುರು ಕೂತರು. ಗಾಜಿನಾಚೆಯಿಂದ ನಾನು ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಶಿವಲೀಲಾಳ ಮೂಗಿನ ಹೊಳ್ಳೆ ಅದುರತೊಡಗಿತು. ಅತ್ತೆಯ ಎದುರು ಸೋಲಬಾರದೆಂದು ಕಾಲ್ಬೆರಳು ಬಿಗಿಹಿಡಿದು ಸೀನನ್ನು ನುಂಗುತ್ತಿದ್ದಳು. ಆ ವಿದ್ಯೆ ನನಗೆ ಚೆನ್ನಾಗಿ ಗೊತ್ತು. ಗುರುಬಾಯಿ, ಕಣ್ಣಿಗೆ ಕಸ ಬಿದ್ದವರ ಹಾಗೆ ಅತ್ತ ತಿರುಗಿ ಉಜ್ಜಿಕೊಂಡರು, ಮತ್ತೆ ಇತ್ತ ತಿರುಗಿ ರಾಣಿಯ ಹಾಗೆ ಕೂತರು. ಹೊರಬಂದಾಗ ಇಬ್ಬರ ಕಾಗದದಲ್ಲೂ ನಗುವ ಮುಖ.

"ಇಬ್ಬರ ಕಣ್ಣೂ ಟೊಮೇಟೊ ಆಗಿದೆ. ಕಾಗದದಲ್ಲಿ ಮಾತ್ರ ಎಲ್ಲಾ ಸೊನ್ನೆ" ಎಂದರು ಮೇಡಂ. "ಇದನ್ನಿಟ್ಟುಕೊಂಡು ನಾನೇನು ಮಾಡಲಿ?"

"ನಂದು ಬಿಡ್ರಿ, ಆರಾಮ ಅದೀನಿ" ಎಂದರು ಗುರುಬಾಯಿ. "ಆಕಿ ಮೂಗ ನೋಡ್ರಿ, ನಲ್ಲಿ ಬಿಟ್ಟಂಗ ಬಿಟ್ಟದ."

"ಅತ್ತಿ ಕಣ್ಣ ನೋಡ್ರಿ ಮೊದಲ. ಹನ್ನೆರಡು ಸರ್ತಿ ಉಜ್ಜ್ಯಾರ, ನಾ ಎಣಿಸೇನಿ."

ಮೇಡಂ ಪೆನ್ನು ಕೆಳಗಿಟ್ಟರು. ನಮ್ಮ ಜನ ತಮ್ಮ ತ್ರಾಸ ಹೇಳುವುದಿಲ್ಲ, ಎದುರಿನವರ ತ್ರಾಸ ಮಾತ್ರ ಬಿಡದೆ ಹೇಳುತ್ತಾರೆ ಎಂಬುದು ಅವರಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಮೇಲಿನವರ ಒಪ್ಪಿಗೆ ಪಡೆದು, ತನ್ನ ಗುರುತಿನ ಜೊತೆಗೆ ಎದುರು ಕೂತವರ ಗುರುತನ್ನೂ ಹಾಕುವ ಇನ್ನೊಂದು ಹಾಳೆ ಸೇರಿಸಿದರು. ಅತ್ತೆ ಸೊಸೆಯ ಮೊದಲ ದಿನ ರದ್ದಾಯಿತು. ಮತ್ತೆ ಮೂರು ಸಲ ಬರಬೇಕು. ಒಂದು ದಿನ ಬೇವು, ಒಂದು ದಿನ ಜಾಲಿ, ಒಂದು ದಿನ ಬರೀ ಸೋಸಿದ ಗಾಳಿ. ಯಾವ ದಿನ ಯಾವುದೆಂದು ಅವರಿಗೂ ತಿಳಿಯದು, ನಮಗೂ ತಿಳಿಯದು. ಯಂತ್ರಕ್ಕೆ ತುಂಬುವವರು ಬೇರೆ, ಅವರು ನಮ್ಮ ಜೊತೆ ಚಹಾ ಕೂಡ ಕುಡಿಯುತ್ತಿರಲಿಲ್ಲ.

ಮುಂದಿನ ಸಲ ಬಂದಾಗ ಇಬ್ಬರಿಗೂ ಅಕ್ಕಪಕ್ಕದ ಕುರ್ಚಿ ಸಿಕ್ಕಿತು. ಗುರುಬಾಯಿ ಗಾಳಿ ಮೂಸಿ, "ಇವತ್ತ ಏನೂ ಇಲ್ಲ ಬಿಡ್ರಿ, ಬರೇ ಹವಾ" ಎಂದು ಸಾರಿದರು. ಶಿವಲೀಲಾ ಮುಂಜಾನೆ ಬೇಗ ಎದ್ದು ಬಂದವಳು. ಕಣ್ಣು ಬಾಡಿದವು, ತಲೆ ಮೆಲ್ಲಗೆ ವಾಲಿ ಅತ್ತೆಯ ಭುಜದ ಮೇಲೆ ಕೂತಿತು. ಗುರುಬಾಯಿ ಒಮ್ಮೆ ಕೆಳಗೆ ನೋಡಿದರು. ಬಳೆ ಸಪ್ಪಳವಾಗದ ಹಾಗೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. ಉಸಿರು ಊದಿಸುವ ಹೊತ್ತಾಗಿ ನಸೀಮಾ ಗಾಜು ತಟ್ಟಲು ಕೈ ಎತ್ತಿದಳು. ಗುರುಬಾಯಿ ತುಟಿಯ ಮೇಲೆ ಬೆರಳಿಟ್ಟು ಕಣ್ಣಲ್ಲೇ ಗದರಿದರು. "ಕ್ಯಾ ಕರ್ನಾ ಆಪಾ?" ಎಂದಳು ನಸೀಮಾ ನನ್ನ ಕಡೆ ತಿರುಗಿ. ನಿಯಮವೆಂದರೆ ನಿಯಮ, ಎಬ್ಬಿಸಬೇಕು. ಎಬ್ಬಿಸಿದೆವು, ಆದರೆ ತಟ್ಟುವ ಮುಂಚೆ ನಸೀಮಾ ತನ್ನ ಪೆನ್ನಿನ ಮುಚ್ಚಳವನ್ನು ಬಹಳ ಹೊತ್ತು ಹುಡುಕಿದಳು. ಕೊಳವೆ ಊದಿದ ಶಿವಲೀಲಾ ಮತ್ತೆ ಅದೇ ಭುಜಕ್ಕೆ ಒರಗಿದಳು. ಸೊಸೆಯ ಹಾಳೆಯಲ್ಲಿ ಅತ್ತೆ ನಗುವ ಮುಖಕ್ಕೆ ಗುರುತು ಹಾಕಿದ್ದರು. ಅದರ ಕಣ್ಣುಗಳನ್ನು ಮುಚ್ಚಿದ ಹಾಗೆ ತಿದ್ದಿದ್ದರು.

ಅದರ ಮುಂದಿನ ಸಲ ಶಿವಲೀಲಾ ಬಾಗಿಲಲ್ಲೇ, "ಇವತ್ತ ಬೇವೇ ಇರಬೇಕ್ರಿ, ಮೂಗ ಹೇಳಾಕತ್ತದ" ಎಂದಳು. ಎರಡು ಸಲ ಸೀನಿದಳು. ಅಷ್ಟೇ, ಮುಂದೆ ಏನೂ ಇಲ್ಲ. ಕಡೆಯ ದಿನ ಮಾತ್ರ ಇಬ್ಬರೂ ಮಾತೇ ಆಡಲಿಲ್ಲ, ಆಡಲು ಬಿಡುವಿರಲಿಲ್ಲ. ಸೀನಿನ ಮೇಲೆ ಸೀನು. ತೂಗಿಟ್ಟ ಕಾಗದವೂ ಮುಗಿದು, ಸೆರಗೂ ಮುಗಿಯಿತು. ಒಬ್ಬರ ಮುಖ ಒಬ್ಬರು ನೋಡಿ, ತಡೆಯಲಾರದೆ ನಗು ಬಂದು, ನಗುವಿನ ನಡುವೆ ಮತ್ತೆ ಸೀನು. ನಾನು ಎಣಿಸುವುದರಲ್ಲಿ ತಪ್ಪಿ ನಸೀಮಾಳ ಲೆಕ್ಕ ನೋಡಬೇಕಾಯಿತು. ಮೇಡಂ ಬೇಗ ಹೊರಗೆ ಕರೆದು ಔಷಧ ಕೊಟ್ಟರು.

ಗುಟ್ಟು ಬಿಚ್ಚುವ ದಿನ ಇಬ್ಬರೂ ಮೇಡಂ ಎದುರು ಕೂತರು. ಬಸವರಾಜ ಒಳಗೆ ಬರಲಾರೆನೆಂದು ಹೊರಗಿನ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ಕಡೆಯ ದಿನದ್ದು ಬೇವೆಂದು ಸೊಸೆಯ ಹಟ. "ಸಾಧ್ಯ ಇಲ್ಲ, ನನ್ನ ಗಿಡದ ವಾಸನಿ ನಂಗ ಗೊತ್ತಿಲ್ಲೇನು?" ಎಂದು ಅತ್ತೆಯ ಹಟ. ಶಿವಲೀಲಾಳ ಬೆರಳು ಕರ್ಚೀಫಿನ ಅಂಚಿನ ದಾರ ಎಳೆಯುತ್ತಲೇ ಇತ್ತು. ಬೇವೆಂದು ಬಂದರೆ ಅವಳು ಇಲ್ಲಿಂದಲೇ ತವರಿನ ದಾರಿ ಹಿಡಿಯುವಳೆಂದು ಎಲ್ಲರಿಗೂ ಗೊತ್ತಿತ್ತು.

"ಕಡೆಯ ದಿನ ಬಿಟ್ಟದ್ದು ಬಳ್ಳಾರಿ ಜಾಲಿ, ರದ್ದಾದ ಮೊದಲ ದಿನವೂ ಅದೇ" ಎಂದರು ಮೇಡಂ. "ಎರಡು ಸೀನು ಬಂದ ದಿನ ಬರೀ ಗಾಳಿ. ಶಿವಲೀಲಾ ನಿದ್ದೆ ಮಾಡಿದಳಲ್ಲ, ಅವತ್ತು ಬೇವು."

ಶಿವಲೀಲಾಳ ಕಿವಿ ಕೆಂಪಾದವು.

"ಮತ್ತ ಆ ಗಿಡದ ಬುಡಕ ಕುಂತಾಗ ಯಾಕ ಸೀನು ಬರ್ತಿತ್ರಿ?" ಎಂದಳು.

"ಆ ಗಿಡದ ಹಿಂದೆ ಏನಿದೆ?"

"ಹಿತ್ತಲದ್ರಿ. ಹಿತ್ತಲ ಸುತ್ತ ಜಾಲಿ. ಆಡು ಬರಬಾರದಂತ ನಮ್ಮ ಬಸ್ಯಾ ಬೇಲಿಗೆ ಬಿಟ್ಟಾನ" ಎಂದರು ಗುರುಬಾಯಿ. ಹೇಳುತ್ತ ಹೇಳುತ್ತ ಅವರ ಧ್ವನಿ ನಿಧಾನವಾಯಿತು. ಎರಡೂ ಒಂದೇ ಕಾಲಕ್ಕೆ ಹೂ ಬಿಡುತ್ತವೆ. ಬೇವಿನ ಹೂ ಅಂಗಳದ ತುಂಬ ಬಿಳಿಯಾಗಿ ಉದುರಿ ಎಲ್ಲರ ಕಣ್ಣಿಗೆ ಬೀಳುತ್ತದೆ, ಬೈಗುಳವೂ ಅದಕ್ಕೇ. ಜಾಲಿಯ ಹಳದಿ ತೆನೆಯನ್ನು ಯಾರು ನೋಡುತ್ತಾರೆ?

ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಕಿಟಕಿಯ ಕಡೆ ತಿರುಗಿದರು. ಬಸವರಾಜ ಶೇಂಗಾ ಬಾಯಿಗೆ ಹಾಕಿಕೊಳ್ಳುತ್ತಿದ್ದವನು ಕೈ ಹಾಗೇ ತಡೆದ.

"ಲೇ ಬಸ್ಯಾ, ಮನ್ಯಾಗ ಕೊಡ್ಲಿ ಎಲ್ಲಿಟ್ಟೀ?"

ಅವನ ಮುಖದ ಬಣ್ಣ ಇಳಿಯಿತು. "ಬ್ಯಾಡಬೇ ಅವ್ವಾ, ಗಿಡ ಬ್ಯಾಡ. ನಾ ಆಳಂದದಾಗೇ ಮನಿ ಮಾಡ್ತೇನಿ, ಎರಡೂ ಕಡೆ ಅಡ್ಡಾಡ್ತೇನಿ."

"ಗಿಡ ಅಲ್ರಿ, ನಿಮ್ಮ ಬೇಲಿ" ಎಂದಳು ಶಿವಲೀಲಾ. ಅವಳು ಗಂಡನೊಡನೆ ನಮ್ಮೆದುರು ಆಡಿದ ಮೊದಲ ಮಾತು ಅದು.

ಜಾಲಿ ರಸ್ತೆ ಬದಿಯಲ್ಲಿ, ಹಳ್ಳದ ದಂಡೆಯಲ್ಲಿ ಎಲ್ಲೆಲ್ಲೂ ಇರುವುದರಿಂದ ಹಿತ್ತಲು ಬೋಳಿಸಿದರೆ ತ್ರಾಸ ಕಡಿಮೆಯಾದೀತು, ಪೂರ್ತಿ ಹೋಗದು ಎಂದು ಮೇಡಂ ಬಿಡಿಸಿ ಹೇಳಿದರು. ಇಬ್ಬರಿಗೂ ಮೂಗಿಗೆ ಹೊಡೆದುಕೊಳ್ಳುವ ಔಷಧ ಬರೆದುಕೊಟ್ಟರು. ಗುರುಬಾಯಿ ತಮ್ಮ ಚೀಟಿಯನ್ನು ಸೊಸೆಯ ಚೀಟಿಯೊಳಗಿಟ್ಟು ಮಡಚಿದರು.

ಮರು ವರ್ಷ ಯುಗಾದಿ ಮುಗಿದ ಮೇಲೆ ಘತ್ತರಗಿಗೆ ಭಾಗ್ಯವಂತಿ ದೇವಿಯ ದರ್ಶನಕ್ಕೆ ಹೋದ ನಾನು, ದಾರಿಯಲ್ಲೇ ಅವರ ಹಳ್ಳಿ ಎಂದು ಇಳಿದೆ. ಮನೆ ಕೇಳಬೇಕಾಗಲಿಲ್ಲ, ಜಗಳ ಓಣಿಯ ತುದಿಗೇ ಕೇಳುತ್ತಿತ್ತು. ಹೆಜ್ಜೆ ಚುರುಕು ಮಾಡಿದೆ. ಬಾಗಿಲು ದಾಟಿದರೆ ಬೇವು ಮೈತುಂಬ ಹೂ ಬಿಟ್ಟು ನಿಂತಿದೆ, ಹಿತ್ತಲ ಸುತ್ತ ತಂತಿಬೇಲಿ ಬಂದಿದೆ. ಅಂಗಳದ ತುಂಬ ಹೂ ಉದುರಿ ಕಾಲಿಡಲು ಜಾಗವಿಲ್ಲ. ನಡುವೆ ಅತ್ತೆ ಸೊಸೆ ಎದುರು ಬದುರು, ಒಂದು ಕಸಬರಿಗೆ ಗೋಡೆಗೆ ಒರಗಿದೆ. ಶಿವಲೀಲಾಳ ಮೂಗಿನ ತುದಿ ನಯವಾಗಿತ್ತು. ತಲೆಯ ಮೇಲೆ ನಾಲ್ಕಾರು ಬಿಳಿ ಹೂ ಕೂತಿದ್ದವು, ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ದಿನಾ ಎರಡೆರಡು ಸರ್ತಿ ಉಡುಗಿದ್ರೂ ಮುಗಿಯಂಗಿಲ್ಲ. ನಿಮ್ಮ ಗಿಡ, ನೀವೇ ಉಡುಗ್ರಿ."

"ನಾ ಯಾಕ ಉಡುಗಲಿ? ಗಿಡ ನಂದಿರಬಹುದು. ಅಂಗಳ ನಿಂದಲ್ಲೇನು?" ಎಂದರು ಗುರುಬಾಯಿ.

ಶಿವಲೀಲಾ ಒಮ್ಮೆ ಅಂಗಳದ ತುಂಬ ಕಣ್ಣಾಡಿಸಿದಳು. ಸೆರಗು ಸೊಂಟಕ್ಕೆ ಸಿಗಿಸಿ, ಗೋಡೆಗೆ ಒರಗಿದ್ದ ಕಸಬರಿಗೆ ಎತ್ತಿಕೊಂಡಳು.